ಭೂತಯ್ಯನ ಹೆಣ ಕೇಳಿದ ಪ್ರಶ್ನೆ

2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡಿತು. ಕೆಲವೇ ವಾರಗಳಲ್ಲಿ ರಾಜ್ಯದ ತುಂಬ ಒಂದೇ ಜಗಳ. ಚಿತ್ರದಲ್ಲಿ ಬರುವ ಭೂತಕೋಲವೆಂಬ ದೈವಾರಾಧನೆ ಹಿಂದೂ ಸಂಸ್ಕೃತಿಯ ಭಾಗ ಎಂದು ನಿರ್ದೇಶಕ ರಿಷಬ್ ಶೆಟ್ಟಿ ಹೇಳಿದರು. ಅಲ್ಲ, ಅದು ಹಿಂದೂ ಧರ್ಮಕ್ಕಿಂತ ಹಿಂದಿನಿಂದ ಬಂದ ಮೂಲನಿವಾಸಿಗಳ ಆಚರಣೆ ಎಂದು ನಟ ಚೇತನ್ ಹೇಳಿದರು. ಚೇತನ್ ಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಬಿತ್ತು. ಟಿವಿಯಲ್ಲಿ, ಪತ್ರಿಕೆಗಳಲ್ಲಿ ದೈವ ಯಾವ ಧರ್ಮಕ್ಕೆ ಸೇರಿದ್ದು ಎಂಬುದೇ ಮಾತಾಯಿತು. ಇಷ್ಟೆಲ್ಲ ಗದ್ದಲದ ನಡುವೆ ಆ ಸಿನಿಮಾ ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದ ಪ್ರಶ್ನೆ ಪಕ್ಕಕ್ಕೆ ಸರಿಯಿತು. ಕಥೆಯ ಪ್ರಕಾರ 1847ರಲ್ಲಿ ಅರಸನೊಬ್ಬ ಮನಸ್ಸಿನ ನೆಮ್ಮದಿಗಾಗಿ ದೈವದ ಕಲ್ಲನ್ನು ಪಡೆದು, ಅದರ ಬದಲಿಗೆ ಕಾಡಿನ ಜನರಿಗೆ ಭೂಮಿ ಬಿಟ್ಟುಕೊಡುತ್ತಾನೆ. ಅವನ ವಂಶದವನು ಮುಂದೆ ಅದನ್ನು ವಾಪಸು ಕೇಳುತ್ತಾನೆ. ಆಮೇಲೆ ಅರಣ್ಯ ಇಲಾಖೆ ಅದು ಮೀಸಲು ಅರಣ್ಯ ಎನ್ನುತ್ತದೆ. ಹಾಗಾದರೆ ಆ ಭೂಮಿ ದಾನವೋ, ಕರಾರೋ, ಹಕ್ಕೋ? ಹಿರೀಕರು ಆಡಿದ ಮಾತು ಹುಟ್ಟದ ಮಕ್ಕಳನ್ನೂ ಕಟ್ಟಿಹಾಕುತ್ತದೆಯೇ? ಕಾಗದದಲ್ಲಿಲ್ಲದ ಮಾತಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ? ತತ್ವಶಾಸ್ತ್ರ ಶತಮಾನಗಳಿಂದ ಹೆಣಗುತ್ತಿರುವ ಪ್ರಶ್ನೆಗಳಿವು. ಕೋಟ್ಯಂತರ ಜನ ದುಡ್ಡು ಕೊಟ್ಟು ಅವನ್ನು ನೋಡಿ ಬಂದರು. ಪಂಡಿತರು ಮಾತ್ರ ಚಿತ್ರದ ಹಣೆಗೆ ಯಾವ ಚೀಟಿ ಅಂಟಿಸಬೇಕು ಎಂದು ಕಾದಾಡಿದರು.

ಜನಪ್ರಿಯ ಕಲೆಯಲ್ಲಿ ತತ್ವವನ್ನು ಹುಡುಕುವ ಕೆಲಸ ನಮ್ಮಲ್ಲಿ ಹೀಗೆ ಎರಡು ಕಡೆಯಿಂದ ಕೆಟ್ಟಿದೆ. ಒಂದು ಗುಂಪಿಗೆ ಅಲ್ಲಿ ತತ್ವವೇ ಇಲ್ಲ. ಹಾಡು, ಹೊಡೆದಾಟ, ಕಣ್ಣೀರಿನ ಸರಕಿನಲ್ಲಿ ಚಿಂತನೆಯನ್ನು ಹುಡುಕುವುದೇ ದಡ್ಡತನ. ಇನ್ನೊಂದು ಗುಂಪಿಗೆ ಎಲ್ಲ ಕಡೆಯೂ ತತ್ವವಿದೆ, ಆದರೆ ಅದು ಮೊದಲೇ ಬೇರೆಲ್ಲೋ ಬರೆದಿಟ್ಟ ತತ್ವ. ನಾಯಕ ಮನೆ ಬಿಟ್ಟರೆ ವೈರಾಗ್ಯ, ಕನಸು ಕಂಡರೆ ಮಾಯಾವಾದ, ಒಬ್ಬನೇ ಕೂತರೆ ಅಸ್ತಿತ್ವವಾದ. ಅಮೆರಿಕದಲ್ಲೂ ಇದು ದೊಡ್ಡ ಪುಸ್ತಕೋದ್ಯಮವಾಗಿ ಬೆಳೆಯಿತು. ‘ದಿ ಮೇಟ್ರಿಕ್ಸ್’ ಚಿತ್ರವನ್ನು ಹಿಡಿದು ಡೆಕಾರ್ಟ್‌ನನ್ನೂ ಪ್ಲೇಟೋನನ್ನೂ ವಿವರಿಸುವ ಸಂಕಲನ 2002ರಲ್ಲೇ ಬಂದಿತ್ತು. ವಿದ್ಯಾರ್ಥಿಗಳಿಗೆ ಅದರಿಂದ ಉಪಯೋಗವಿರಬಹುದು, ಆದರೆ ಅಲ್ಲಿ ಸಿನಿಮಾ ಪಾಠ ಹೇಳಲು ಬಳಸುವ ಉದಾಹರಣೆ ಮಾತ್ರ. ಅದೇ ದೇಶದ ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಸ್ಟ್ಯಾನ್ಲಿ ಕ್ಯಾವೆಲ್ 1981ರ ಪುಸ್ತಕವೊಂದರಲ್ಲಿ ಬೇರೆ ದಾರಿ ಹಿಡಿದರು. ಹಾಲಿವುಡ್‌ನ ಹಳೆಯ ಹಾಸ್ಯಚಿತ್ರಗಳನ್ನು ದೃಶ್ಯದಿಂದ ದೃಶ್ಯಕ್ಕೆ ಓದಿ, ಮದುವೆ ಎಂದರೇನು ಎಂಬುದರ ಬಗ್ಗೆ ಆ ಚಿತ್ರಗಳೇ ಯೋಚಿಸುತ್ತಿವೆ ಎಂದು ತೋರಿಸಿದರು. ನನ್ನ ವಾದವೂ ಇಷ್ಟೇ: ಜನಪ್ರಿಯ ಕೃತಿಗೆ ತನ್ನದೇ ಆದ ಚಿಂತನೆ ಇರುತ್ತದೆ, ಅದು ಅದರ ಘಟನೆಗಳಲ್ಲಿ ಇರುತ್ತದೆ, ಮತ್ತು ಅದನ್ನು ಅಲ್ಲಿಂದಲೇ ಎತ್ತಬೇಕು.

ಇದಕ್ಕೆ ಸಾಕ್ಷಿ ಬೇಕೆಂದರೆ ತುಮಕೂರು ಜಿಲ್ಲೆಯ ಶಿರಾ ಸೀಮೆಗೇ ಬರಬಹುದು. ಶಿರಾ ತಾಲ್ಲೂಕಿನ ತರೂರಿನಲ್ಲಿ ಹುಟ್ಟಿದ ನಿರ್ದೇಶಕ ಸಿದ್ದಲಿಂಗಯ್ಯ, 1974ರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ ‘ಭೂತಯ್ಯನ ಮಗ ಅಯ್ಯು’ ಮಾಡಿದರು. ಸಾಲ ಕೊಟ್ಟು ಊರನ್ನು ಹಿಂಡಿದ ಭೂತಯ್ಯ ಸತ್ತಾಗ ಅವನ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, 1970ರಲ್ಲಿ, ಕನ್ನಡ ತೆರೆಯ ಮೇಲೆ ಇನ್ನೊಂದು ಹೆಣ ಹೀಗೆಯೇ ಸಂಸ್ಕಾರವಿಲ್ಲದೆ ಬಿದ್ದಿತ್ತು. ಅದು ಅನಂತಮೂರ್ತಿಯವರ ‘ಸಂಸ್ಕಾರ’ದ ನಾರಣಪ್ಪನದು. ನಾರಣಪ್ಪನ ಹೆಣದ ಬಗ್ಗೆ ಐವತ್ತು ವರ್ಷಗಳಿಂದ ವಿಚಾರಸಂಕಿರಣಗಳು ನಡೆದಿವೆ, ದೇಶವಿದೇಶದ ವಿಶ್ವವಿದ್ಯಾಲಯಗಳಲ್ಲಿ ಪ್ರಬಂಧಗಳಾಗಿವೆ. ಅದು ನ್ಯಾಯವಾಗಿ ಸಿಗಬೇಕಾದ ಗೌರವ. ಭೂತಯ್ಯನ ಹೆಣ ಮಾತ್ರ ಸಿನಿಮಾ ಪ್ರಿಯರ ನೆನಪಿನಲ್ಲೇ ಉಳಿಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಚಿಂತನೆಯ ತೂಕದಲ್ಲಿ ಇಷ್ಟು ಅಂತರ ಕಾಣುವುದಿಲ್ಲ. ಅಗ್ರಹಾರ ನಾರಣಪ್ಪನನ್ನು ಸುಡದೆ ಬಿಡುವುದು ಸುಡುವ ಅಧಿಕಾರ ಯಾರದೆಂದು ಶಾಸ್ತ್ರದಲ್ಲಿ ಉತ್ತರ ಸಿಗದ್ದರಿಂದ. ಊರು ಭೂತಯ್ಯನನ್ನು ಬಿಡುವುದು ಶಾಸ್ತ್ರ ತಿಳಿಯದೆ ಅಲ್ಲ, ಬೇಕೆಂದೇ. ಕೋರ್ಟು, ಪತ್ರ, ಅಡವು, ಬಡ್ಡಿ ಎಲ್ಲವೂ ಸಾಲ ಕೊಟ್ಟವನ ಕೈಯಲ್ಲಿರುವ ಊರಿನಲ್ಲಿ ಬಡವರ ಕೈಯಲ್ಲಿ ಉಳಿದಿರುವುದು ತಮ್ಮ ಹೆಗಲು ಮಾತ್ರ. ಅದನ್ನು ಕೊಡದಿರುವುದೇ ಅವರು ಕೊಡಬಲ್ಲ ತೀರ್ಪು. ಸತ್ತವನ ಋಣ ತೀರುತ್ತದೆಯೇ, ತಂದೆಯ ಪಾಪಕ್ಕೆ ಮಗ ಎಲ್ಲಿಯವರೆಗೆ ಹೊಣೆ, ಊರಿನ ಸಿಟ್ಟು ಯಾವ ಗಳಿಗೆಯಲ್ಲಿ ನ್ಯಾಯವಾಗುವುದನ್ನು ಬಿಟ್ಟು ಸೇಡಾಗುತ್ತದೆ ಎಂದು ಚಿತ್ರ ಉದ್ದಕ್ಕೂ ಕೇಳುತ್ತದೆ. ಊರು ಸೇಡಿಗೆ ಇಳಿದಾಗ ಚಿತ್ರ ಅದರ ಬೆನ್ನು ತಟ್ಟುವುದಿಲ್ಲ; ಕೊನೆಗೆ ಪ್ರವಾಹ ಬಂದಾಗ ಹಳೆಯ ವೈರಿಗಳು ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಇದಾದ ಎರಡು ವರ್ಷಕ್ಕೆ, 1976ರಲ್ಲಿ, ಕರ್ನಾಟಕದಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಸಿನಿಮಾ ಕಾಯ್ದೆ ತಂದಿತು ಎಂದು ನಾನು ಹೇಳುತ್ತಿಲ್ಲ. ವಿಧಾನಸಭೆ ಮತ್ತು ಸಿನಿಮಾ ಟೆಂಟ್ ಎರಡೂ ಒಂದೇ ಕಾಲದಲ್ಲಿ ಒಂದೇ ಪ್ರಶ್ನೆಯನ್ನು ಯೋಚಿಸುತ್ತಿದ್ದವು ಎಂದಷ್ಟೇ ಹೇಳುತ್ತಿದ್ದೇನೆ.

ಅದೇ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ ಇನ್ನೂ ದೊಡ್ಡ ಸಾಕ್ಷಿ. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿದ ಚಿತ್ರ 1972ರ ಮಾರ್ಚ್ 31ರಂದು ಬಿಡುಗಡೆಯಾಯಿತು. ಅದಕ್ಕೆ ಹನ್ನೊಂದು ದಿನ ಮೊದಲು, ಮಾರ್ಚ್ 20ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. ಪಟ್ಟಣ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ಕೈಹಚ್ಚಲು ಈ ಚಿತ್ರ ಅನೇಕರಿಗೆ ಪ್ರೇರಣೆಯಾಯಿತು ಎಂಬ ಮಾತು ಎಲ್ಲರಿಗೂ ಗೊತ್ತು, ಹಾಗಾಗಿ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಗಮನಿಸಬೇಕಾದದ್ದು ಅದರ ಕೊನೆ. ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕಾಗಿ ನಾಯಕ ರಾಜೀವ ಬರಡು ನೆಲವನ್ನು ಹಸನು ಮಾಡುತ್ತಾನೆ, ಮನೆಯನ್ನು ಎತ್ತಿ ನಿಲ್ಲಿಸುತ್ತಾನೆ. ತಾನೇ ಸಾಕಿದ ಅಕ್ಕನ ಮಗನ ಬಾಯಿಂದ ಅವಮಾನದ ಮಾತು ಬಂದಾಗ ಯಾವುದನ್ನೂ ತನ್ನದೆನ್ನದೆ ಹೊರಟುಹೋಗುತ್ತಾನೆ. ಇಲ್ಲೇ ನಮ್ಮ ಎರಡನೆಯ ಗುಂಪು ಓಡಿಬಂದು ‘ನಿಷ್ಕಾಮ ಕರ್ಮ’ ಎನ್ನುತ್ತದೆ. ಆದರೆ ದೃಶ್ಯ ಹಾಗೆ ಹೇಳುತ್ತಿಲ್ಲ. ನಿಷ್ಕಾಮಿಗೆ ನೋವಾಗಬಾರದು, ರಾಜೀವನಿಗೆ ಆಗುತ್ತದೆ, ನೋಡುವವರಿಗೂ ಆಗಲೆಂದೇ ಚಿತ್ರ ಬಯಸುತ್ತದೆ. ದುಡಿದವನನ್ನು ಅನುಮಾನಿಸಲು ಯಾರಿಗೂ ಹಕ್ಕಿಲ್ಲ ಎಂಬ ಸಿಟ್ಟು ಆ ನೋವಿನೊಳಗಿದೆ. ದುಡಿಮೆಯಿಂದ ಭೂಮಿ ಒಬ್ಬನದಾಗುತ್ತದೆಯೇ ಎಂಬ ಪ್ರಶ್ನೆ ಇಂಗ್ಲೆಂಡಿನ ಜಾನ್ ಲಾಕ್ 17ನೇ ಶತಮಾನದಲ್ಲಿ ಎತ್ತಿದ್ದು. ಅರಸು ಸರ್ಕಾರ ಅದಕ್ಕೆ ಕಾಯ್ದೆಯಲ್ಲಿ ಉತ್ತರ ಕೊಟ್ಟಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ಗೇಣಿಗೆ ಉಳುತ್ತಿದ್ದವನಿಗೆ ಒಡೆತನದ ದಾರಿ ತೆರೆಯಿತು. ಚಿತ್ರದ ಉತ್ತರ ಬೇರೆ. ದುಡಿಮೆ ಮನುಷ್ಯನನ್ನು ಬಂಗಾರ ಮಾಡುತ್ತದೆ, ಒಡೆಯನನ್ನಾಗಿ ಮಾಡುವುದಿಲ್ಲ ಎನ್ನುತ್ತದೆ ಅದು. ಈ ಉತ್ತರವನ್ನು ಒಪ್ಪಬೇಕಿಲ್ಲ. ನಾನು ಒಪ್ಪುವುದೂ ಇಲ್ಲ. ಆದರೆ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಉತ್ತರವೊಂದನ್ನು ಚರ್ಚೆಗೇ ಎತ್ತಿಕೊಳ್ಳದೆ ಭೂಸುಧಾರಣೆಯ ಚಿಂತನೆಯ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಈ ಪ್ರಶ್ನೆ ಹಳೆಯದಾಗಿಲ್ಲ. ಪಾವಗಡ ತಾಲ್ಲೂಕಿನ ರಾಯಚರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಇಂದು 2,050 ಮೆಗಾವ್ಯಾಟ್‌ನ ಸೌರ ವಿದ್ಯುತ್ ಉದ್ಯಾನ ನಿಂತಿದೆ. ಇಲ್ಲಿ ಭೂಮಿಯನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆಯಲಾಗಿದೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತ ರೈತನಿಗೆ ಇದು ನಿಶ್ಚಿತ ಆದಾಯ, ಇದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ತಲೆಮಾರುಗಳಿಂದ ಕಳೆ ಕಿತ್ತ, ಕಾಯಿ ಬಿಡಿಸಿದ ಕೂಲಿಯವರ ಹೆಸರು ಪಹಣಿಯಲ್ಲಿಲ್ಲ. ದುಡಿದವನಿಗೆ ಭೂಮಿಯ ಮೇಲೆ ಏನು ಹಕ್ಕು ಎಂದು 1972ರಲ್ಲಿ ಕೇಳಿದ ಸಿನಿಮಾ ರಾಯಚರ್ಲಿನ ಕೂಲಿಕಾರ್ತಿಗೆ ತತ್ವಶಾಸ್ತ್ರದ ಯಾವ ಗ್ರಂಥಕ್ಕಿಂತಲೂ ಹತ್ತಿರದ್ದು, ಮತ್ತು ಆ ಸಿನಿಮಾದ ಉತ್ತರ ಅವಳಿಗೆ ಯಾಕೆ ಸಾಲದು ಎಂಬುದನ್ನು ಹೇಳಲು ಅವಳಿಗೆ ಯಾವ ಪದವಿಯೂ ಬೇಕಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಪರಿಚಿತ: ನಿರ್ದೇಶಕರು ಇಷ್ಟೆಲ್ಲ ಯೋಚಿಸಿದ್ದರೇ? ಇಲ್ಲದ್ದನ್ನು ನೀವೇ ತುಂಬುತ್ತಿದ್ದೀರಿ. ಆಕ್ಷೇಪದಲ್ಲಿ ಹುರುಳಿದೆ, ತುಂಬುವವರು ಬಹಳ ಇದ್ದಾರೆ ಎಂಬುದು ನನ್ನ ದೂರೂ ಹೌದು. ಆದರೆ ಅದಕ್ಕೆ ಮದ್ದು ಓದುವುದನ್ನು ನಿಲ್ಲಿಸುವುದಲ್ಲ, ಓದಿಗೆ ಸಾಕ್ಷಿ ಕೇಳುವುದು. ಒಂದು ಮಾತನ್ನು ಚಿತ್ರದ ಯಾವ ದೃಶ್ಯವೂ ಸುಳ್ಳು ಮಾಡಲು ಸಾಧ್ಯವಿಲ್ಲವೆಂದರೆ, ಅದು ಚಿತ್ರದ ಬಗ್ಗೆ ಆಡಿದ ಮಾತೇ ಅಲ್ಲ. ‘ರಾಜೀವ ನಿಷ್ಕಾಮಿ’ ಎಂಬ ಮಾತನ್ನು ಅವನ ನೋವು ಸುಳ್ಳು ಮಾಡುತ್ತದೆ. ‘ಚಿತ್ರ ಒಡೆತನವನ್ನೂ ದುಡಿಮೆಯನ್ನೂ ಬೇರೆ ಮಾಡುತ್ತದೆ’ ಎಂಬ ಮಾತನ್ನು ಅವನ ನಿರ್ಗಮನ ಸಮರ್ಥಿಸುತ್ತದೆ. ಕರ್ತೃವಿನ ಮನಸ್ಸಿನಲ್ಲಿ ಏನಿತ್ತು ಎಂಬುದು ಈ ಪರೀಕ್ಷೆಗೆ ಬೇಕಾಗುವುದಿಲ್ಲ. ಕುಮಾರವ್ಯಾಸನನ್ನೂ ನಾವು ಹೀಗೆಯೇ ಓದುತ್ತೇವೆ.

ಎರಡನೆಯ ಆಕ್ಷೇಪ, ಜನಪ್ರಿಯ ಸಿನಿಮಾ ದುಡ್ಡಿಗಾಗಿ ಮಾಡಿದ್ದು ಎಂಬುದು. ಆದರೆ ಗುಬ್ಬಿ ವೀರಣ್ಣನವರ ಕಂಪನಿಯೂ ಟಿಕೆಟ್ ಮಾರಿಯೇ ನಾಟಕ ಆಡಿತು. ಯಾವುದು ಚಿಂತನೆ, ಯಾವುದು ಬರೀ ಜನರ ಮಾತು ಎಂಬ ಗೆರೆ ಕಾಲಕಾಲಕ್ಕೆ ಸರಿಯುತ್ತ ಬಂದಿದೆ. ಮಠಗಳ ತಾಳೆಗರಿಗಳಲ್ಲಿದ್ದ ವಚನಗಳನ್ನು ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವಾಗಿ ಅಚ್ಚು ಮಾಡಿದ ಮೇಲೆಯೇ ವಿದ್ಯಾವಂತ ಕನ್ನಡ ಅವುಗಳಲ್ಲಿ ದರ್ಶನವನ್ನು ಕಂಡಿತು. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ವಾಪಸು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ವಿಚಾರ ಅದಕ್ಕೆ ಮೊದಲೂ ಅಷ್ಟೇ ಗಟ್ಟಿಯಾಗಿತ್ತು. ಶಿರಾ ಸೀಮೆಯ ಕಾಡುಗೊಲ್ಲರು ಗಣೆ ಊದುತ್ತ ಹಾಡುವ ಜುಂಜಪ್ಪನ ಕಥನವೂ ಜಾನಪದ ವಿದ್ವಾಂಸರು ಬರೆದುಕೊಂಡ ಮೇಲೆಯೇ ಮಹಾಕಾವ್ಯ ಅನಿಸಿಕೊಂಡಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಹಳ್ಳಿಯವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಅವರೂ ಕುರೊಸಾವಾನನ್ನು ನೋಡಿ ಅರಗಿಸಿಕೊಳ್ಳಬಲ್ಲರು ಎಂದು ನಂಬಿದರು. ಅದು ದೊಡ್ಡ ನಂಬಿಕೆ. ಅದರ ಇನ್ನರ್ಧ ಬಾಕಿ ಇದೆ: ಹಳ್ಳಿಯವರು ಟೆಂಟಿನಲ್ಲಿ ತಾವಾಗಿ ಆರಿಸಿಕೊಂಡು ನೋಡಿದ್ದರಲ್ಲೂ ಯೋಚನೆ ನಡೆದಿತ್ತು ಎಂದು ನಂಬುವುದು. ಹಾಗೆಂದು ಓಡಿದ ಚಿತ್ರದಲ್ಲೆಲ್ಲ ತತ್ವವಿದೆ ಎಂದಲ್ಲ. ವಾರಗಟ್ಟಲೆ ಓಡಿ ಒಂದು ಪ್ರಶ್ನೆಯನ್ನೂ ಎತ್ತದ ಚಿತ್ರಗಳೇ ಹೆಚ್ಚು.

ಗಂಭೀರವಾದ ಆಕ್ಷೇಪ ಮೂರನೆಯದು. ಜನಪ್ರಿಯ ಸಿನಿಮಾದ ಮೌಲ್ಯಗಳು ಗೌಡಿಕೆಯವು, ಗಂಡಸಿನವು. ಅವಕ್ಕೆ ತತ್ವವೆಂಬ ಹೆಸರು ಕೊಟ್ಟರೆ ಮರ್ಯಾದೆ ಕೊಟ್ಟಂತಾಗುವುದಿಲ್ಲವೇ? ನನಗೆ ಕಾಣುವುದು ತದ್ವಿರುದ್ಧ. ಬರೀ ಮನರಂಜನೆ ಎಂದು ಕೈಬಿಟ್ಟದ್ದನ್ನು ಯಾರೂ ಪ್ರಶ್ನಿಸುವುದಿಲ್ಲ. ಚಿಂತನೆ ಎಂದು ಒಪ್ಪಿದ ಕೂಡಲೇ ಅದು ಉತ್ತರ ಕೊಡಬೇಕಾಗುತ್ತದೆ. ‘ಬಂಗಾರದ ಮನುಷ್ಯ’ದಲ್ಲಿ ತ್ಯಾಗ ಮಾಡುವವನು ಗಂಡಸು, ಅನುಮಾನಿಸುವವನೂ ಗಂಡಸು, ಆ ಮನೆ, ಆ ಹೊಲದಲ್ಲಿ ವಿಧವೆ ಅಕ್ಕನ ಪಾಲು ಎಷ್ಟು ಎಂದು ಚಿತ್ರ ಕೇಳುವುದೇ ಇಲ್ಲ. ನಾಯಕನ ಹೆಂಡತಿಯನ್ನು ಕಥೆ ನಡುವೆಯೇ ಸಾಯಿಸುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ. ಅಷ್ಟು ತಡವಾದದ್ದರಲ್ಲಿ ಇಂಥ ಮೌನಗಳ ಪಾಲೂ ಇದೆ. ‘ಕಾಂತಾರ’ದ ಕೊನೆಯಲ್ಲಿ ದೈವ ಊರಿನವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಸೇರಿಸುತ್ತದೆ. ನೋಡಲು ಮೈನವಿರೇಳುತ್ತದೆ, ಆದರೆ ಹಕ್ಕಿನ ಪ್ರಶ್ನೆ ಅಧಿಕಾರಿಯ ಒಳ್ಳೆಯತನಕ್ಕೆ ಒಪ್ಪಿಸಿಹೋಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಮೇಲೂ ಅರ್ಜಿ ಹಿಡಿದು ಅಲೆಯುತ್ತಿರುವ ಕಾಡಿನ ಜನರಿಗೆ ಆ ಮುಕ್ತಾಯ ಸಾಲದು. 2022ರ ಜಗಳ ನಡೆಯಬೇಕಿದ್ದದ್ದು ಇದರ ಮೇಲೆ. ದೈವ ಹಿಂದೂವೋ ಅಲ್ಲವೋ ಎಂಬ ಮಾತಿನಲ್ಲಿ ಎರಡೂ ಬಣದವರು ಚಿತ್ರವನ್ನು ಅದರ ಅತ್ಯಂತ ದುರ್ಬಲ ಜಾಗದಲ್ಲಿ ಪ್ರಶ್ನಿಸದೆ ಬಿಟ್ಟುಬಿಟ್ಟರು.

ಸಿದ್ದಲಿಂಗಯ್ಯ 2015ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಜಿಲ್ಲೆಯಲ್ಲೇ 2004ರಿಂದ ಒಂದು ವಿಶ್ವವಿದ್ಯಾಲಯವಿದೆ. ತುಮಕೂರು ವಿಶ್ವವಿದ್ಯಾಲಯ ‘ಸಂಸ್ಕಾರ’ದ ಪಕ್ಕದಲ್ಲಿ ‘ಭೂತಯ್ಯನ ಮಗ ಅಯ್ಯು’ವನ್ನು ಇಟ್ಟು ಪಾಠ ಮಾಡಲಿ, ಭೂಸುಧಾರಣೆಯ ಪಾಠದಲ್ಲಿ ‘ಬಂಗಾರದ ಮನುಷ್ಯ’ವನ್ನು ತೋರಿಸಲಿ, ಆ ತರಗತಿಗೆ ಪಾವಗಡ, ಮಧುಗಿರಿ, ಕೊರಟಗೆರೆಯ ಹಳ್ಳಿಗಳಿಂದ ಬರುವ ಮಕ್ಕಳು ತಮ್ಮ ಮನೆಯ ಪಹಣಿಯನ್ನೂ ಜೊತೆಗೆ ತರಲಿ. ವಿಮರ್ಶಕರು, ಮುಂದಿನ ಸಿನಿಮಾದ ಗದ್ದಲ ಎದ್ದಾಗ, ಯಾವ ಧರ್ಮ, ಯಾವ ಪಂಥ ಎಂದು ಕೇಳುವ ಮೊದಲು ಆ ಕಥೆಯಲ್ಲಿ ಯಾರು ದುಡಿದರು, ಯಾರಿಗೆ ಸಿಕ್ಕಿತು, ಯಾರು ಬಾಯಿ ಬಿಡಲಿಲ್ಲ ಎಂಬುದನ್ನು ಬರೆಯಲಿ.