ಕೂಲಿಂಗ್‌ಗಿಂತ ಮೊದಲು ಆಗಬೇಕಾದ ಕೆಲಸ

ಹೆರಿಗೆ ವೇಳೆ ಆಮ್ಲಜನಕ ಸಾಲದೆ ಮಿದುಳಿಗೆ ಪೆಟ್ಟಾದ ಶಿಶುವಿನ ಮೈಯನ್ನು 33–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆ ತಂಪಾಗಿಡುವ ಚಿಕಿತ್ಸೆ ಈಗ ಬೆಂಗಳೂರಿನ ಖಾಸಗಿ ಎನ್‌ಐಸಿಯುಗಳಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸಿಗುತ್ತದೆ. ಹುಟ್ಟಿದ ಆರು ಗಂಟೆಯೊಳಗೆ ಇದು ಶುರುವಾಗಬೇಕು. ಹಾಗಾಗಿ ಬಸವೇಶ್ವರನಗರದ ನರ್ಸಿಂಗ್ ಹೋಂನಲ್ಲೋ ಕೆಂಗೇರಿಯ ಹೆರಿಗೆ ಆಸ್ಪತ್ರೆಯಲ್ಲೋ ಮಗು ಹುಟ್ಟಿದ ತಕ್ಷಣ ಅಳಲಿಲ್ಲವೆಂದರೆ, ‘ಕೂಲಿಂಗ್ ಎಲ್ಲಿ ಮಾಡ್ತಾರೆ ಡಾಕ್ಟ್ರೇ?’ ಎಂದು ಮನೆಯವರು ಕೇಳುವುದು ಸಹಜ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ.

ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳನ್ನು ಒಳಗೊಂಡ ‘ಹೆಲಿಕ್ಸ್’ ಅಧ್ಯಯನದ ಫಲಿತಾಂಶ 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾಯಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿ ಭಾಗಿಯಾಗಿತ್ತು. ಕೂಲಿಂಗ್ ಪಡೆದವರಲ್ಲಿ ಶೇ 42ರಷ್ಟು ಮಕ್ಕಳು ತೀರಿಕೊಂಡರು. ಪಡೆಯದವರಲ್ಲಿ ಶೇ 31. ಶ್ರೀಮಂತ ದೇಶಗಳಲ್ಲಿ ಜೀವ ಉಳಿಸುವ ಚಿಕಿತ್ಸೆ ಇಲ್ಲಿ ಸಾವನ್ನೇ ಹೆಚ್ಚಿಸಿತು. ನಮ್ಮ ಅನೇಕ ಶಿಶುಗಳಲ್ಲಿ ಮಿದುಳಿಗೆ ಪೆಟ್ಟು ಬೀಳುವುದು ಹೆರಿಗೆಯ ಕೊನೆಯ ಗಳಿಗೆಯಲ್ಲಲ್ಲ, ಅದಕ್ಕೂ ಬಹಳ ಮೊದಲು, ಗರ್ಭದಲ್ಲೇ ಇರಬಹುದು ಎಂಬುದು ಸಂಶೋಧಕರ ವಿವರಣೆ. ಹಾಗಿದ್ದರೆ ಆರು ಗಂಟೆಯ ಲೆಕ್ಕ ಹುಟ್ಟುವ ಮೊದಲೇ ಮುಗಿದಿರುತ್ತದೆ. ಎಲ್ಲ ಸೌಲಭ್ಯವಿರುವ ಘಟಕಗಳಲ್ಲಿ, ಎಚ್ಚರದಿಂದ ಆಯ್ದ ಮಕ್ಕಳಿಗೆ ಕೂಲಿಂಗ್ ಈಗಲೂ ಉಪಯುಕ್ತ ಎನ್ನುವ ತಜ್ಞರು ದೇಶದಲ್ಲಿದ್ದಾರೆ. ವಾದ ಮುಗಿದಿಲ್ಲ. ಅದು ಮುಗಿಯುವವರೆಗೆ ಕೂಲಿಂಗ್ ಅನ್ನು ಪವಾಡವೆಂದು ಪೋಷಕರಿಗೆ ಹೇಳುವುದು ತಪ್ಪು.

ನನ್ನ ನಿಜವಾದ ಆತಂಕ ರೆಫರಲ್ ಚೀಟಿಯದ್ದು. ‘ಬರ್ತ್ ಆಸ್ಫಿಕ್ಸಿಯಾ’ (ಹೆರಿಗೆ ವೇಳೆ ಆಮ್ಲಜನಕದ ಕೊರತೆ) ಎಂಬ ಎರಡೇ ಪದ ಬರೆದು ಮಗುವನ್ನು ಆಂಬುಲೆನ್ಸ್ ಹತ್ತಿಸಿದರೆ, ಮುಂದಿನ ವೈದ್ಯರ ಹುಡುಕಾಟವೂ ಅಲ್ಲಿಗೇ ನಿಂತುಬಿಡುವ ಅಪಾಯವಿದೆ. ಮಂಕಾಗಿ, ಮೈ ಸಡಿಲಬಿಟ್ಟು ಮಲಗಿದ, ಫಿಟ್ಸ್ ಬಂದ ಮಗುವಿಗೆ ಸೋಂಕು ಇರಬಹುದು, ರಕ್ತದಲ್ಲಿ ಸಕ್ಕರೆ ಇಳಿದಿರಬಹುದು, ಹುಟ್ಟಿನಿಂದ ಬಂದ ಚಯಾಪಚಯ ದೋಷವೂ ಇರಬಹುದು. ಹುಟ್ಟಿದ ಕೂಡಲೇ ಮಗುವಿನ ಸ್ಥಿತಿಗೆ ಕೊಡುವ ಅಪ್ಗಾರ್ ಅಂಕ ಕಡಿಮೆ ಇದ್ದ ಮಾತ್ರಕ್ಕೆ ರೋಗ ನಿರ್ಣಯ ಆಗದು. ಹೊಕ್ಕುಳಬಳ್ಳಿ ರಕ್ತದ ಪಿಎಚ್ 7ಕ್ಕಿಂತ ಕೆಳಗಿದೆಯೇ? ಹೆರಿಗೆ ಎಷ್ಟು ಹೊತ್ತು ಎಳೆಯಿತು, ಮಗುವಿನ ಎದೆಬಡಿತ ಯಾವಾಗ ಕುಸಿಯಿತು, ಉಸಿರಾಟಕ್ಕೆ ಎಷ್ಟು ನಿಮಿಷ ನೆರವು ಬೇಕಾಯಿತು? 1976ರಲ್ಲಿ ಸಾರ್ನಾಟ್ ದಂಪತಿ ರೂಪಿಸಿದ, ಮಿದುಳಿನ ಪೆಟ್ಟಿನ ತೀವ್ರತೆ ಅಳೆಯುವ ಹಂತಗಳಿಗೆ ಹೋಲಿಸಿ ಮಗುವಿನ ಎಚ್ಚರ, ಬಿಗುವು, ಹೀರುವಿಕೆಯನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆಯೇ? ಈ ಪರೀಕ್ಷೆಗೆ ಯಂತ್ರ ಬೇಡ, ತರಬೇತಿ ಪಡೆದ ಕಣ್ಣು ಸಾಕು.

ಇನ್ನೊಂದು ಮಾತು, ಕೂಲಿಂಗ್ ಸದ್ದಿನಲ್ಲಿ ಮರೆತೇ ಹೋಗುವಂಥದ್ದು. ಪೆಟ್ಟಾದ ಮಿದುಳಿಗೆ ಅತಿಯಾದ ಬಿಸಿ ಹಾನಿಕರ. ಮೈಗೆ ತಾಪ ಅಳೆಯುವ ಪ್ರೋಬ್ ಅಂಟಿಸದೆ, ಮೈ ಬೆಚ್ಚಗಿಡುವ ವಾರ್ಮರ್ ಕೆಳಗೆ ಮಗುವನ್ನು ಮಲಗಿಸಿದರೆ ಜ್ವರ ಬಂದಷ್ಟು ಕಾದುಬಿಡಬಹುದು. ಇದನ್ನು ತಡೆಯಲು ಲಕ್ಷಗಟ್ಟಲೆ ಖರ್ಚಿಲ್ಲ.

ಡಿಸ್ಚಾರ್ಜ್ ಆದ ಮೇಲೆ ‘ನೋಡೋಣ, ಸರಿಹೋಗುತ್ತೆ’ ಎಂದು ವರ್ಷ ಕಾಯಿಸುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಮೂರು ತಿಂಗಳ ಮಗು ಕೈಕಾಲು ಆಡಿಸುವ ಬಗೆ ನೋಡಿಯೇ ಸೆರೆಬ್ರಲ್ ಪಾಲ್ಸಿಯ ಅಪಾಯ ಗುರುತಿಸಬಲ್ಲ ತಜ್ಞರಿದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶೀಘ್ರ ಪತ್ತೆ ಕೇಂದ್ರಗಳೂ ಇವೆ. ಅಳದೆ ಹುಟ್ಟಿದ ಪ್ರತಿ ಮಗುವಿನ ‘ತಾಯಿ ಕಾರ್ಡ್’ನಲ್ಲಿ ಮೊದಲ ಒಂದು ಗಂಟೆಯ ವಿವರ ಮತ್ತು ಮೂರನೇ ತಿಂಗಳ ತಪಾಸಣೆಯ ದಿನಾಂಕ ಕಡ್ಡಾಯವಾಗಲಿ. ಶ್ರೀರಾಮಪುರ, ಹೊಸಹಳ್ಳಿಯ ರೆಫರಲ್ ಆಸ್ಪತ್ರೆಗಳಿಂದ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿಂದ ಇದನ್ನು ಶುರುಮಾಡಬಹುದು. ಖಾಸಗಿ ನರ್ಸಿಂಗ್ ಹೋಂಗಳಿಗೆ ನೋಂದಣಿ ನವೀಕರಣದ ಷರತ್ತಾಗಿಯೇ ವಿಧಿಸಬಹುದು.