ಉಳಿದವರು ಉಳಿಸಿದ್ದು

ಪ್ರಳಯದ ಕಥೆ ನಮಗೆ ಹೊಸತಲ್ಲ. ಜಲಪ್ರಳಯದಲ್ಲಿ ಮತ್ಸ್ಯರೂಪಿಯಾದ ಭಗವಂತನು ಮನುವಿನ ದೋಣಿಯನ್ನು ಎಳೆದೊಯ್ದು ಕಾಪಾಡಿದನೆಂಬುದನ್ನು ನೀವು ಕೇಳಿರಬಹುದು. ಆ ದೋಣಿಯಲ್ಲಿ ಬೀಜಗಳಿದ್ದುವು, ಸಪ್ತರ್ಷಿಗಳೂ ಇದ್ದರು. ಹೊಟ್ಟೆಗೆ ಬೇಕಾದುದು ಮಾತ್ರ ಉಳಿದರೆ ಸಾಲದು, ಅರಿವೂ ಉಳಿಯಬೇಕು ಎಂಬುದೇ ಆ ಕಥೆಯ ಇಂಗಿತವೆಂದು ನಾನು ಭಾವಿಸುತ್ತೇನೆ.

1945ರ ಆಗಸ್ಟ್ 6ರಂದು ಹಿರೋಶಿಮಾ ನಗರದ ಮೇಲೆ ಅಣುಬಾಂಬು ಬಿದ್ದಿತು. ಪ್ರಳಯವನ್ನು ತರಲು ಇನ್ನು ದೈವವೇ ಬೇಕಿಲ್ಲ, ಮನುಷ್ಯನೇ ಸಾಕು ಎಂಬುದು ಅಂದು ಲೋಕಕ್ಕೆ ತಿಳಿಯಿತು. ಈ ಭೀತಿಯಿಂದ ಹುಟ್ಟಿದ ಕಾದಂಬರಿಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಹಲವಾರು. ಅವುಗಳಲ್ಲಿ ಕೆಲವನ್ನು ನಿಮ್ಮ ವಯಸ್ಸಿನವರಿಗಾಗಿಯೇ ಬರೆಯಲಾಗಿದೆ. ಅವುಗಳ ನಾಯಕ ನಾಯಿಕೆಯರೂ ನಿಮ್ಮ ಓರಗೆಯವರೇ.

ಇಂತಹ ಪುಸ್ತಕಗಳು ಎಳೆಯರ ಮನಸ್ಸಿನಲ್ಲಿ ಭಯವನ್ನೂ ನಿರಾಶೆಯನ್ನೂ ಬಿತ್ತುತ್ತವೆ ಎನ್ನುವ ಹಿರಿಯರುಂಟು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ಒಮ್ಮೆ ಮೊಮ್ಮಗಳ ಕೈಯಲ್ಲಿ ಅಂತಹುದೊಂದು ಪುಸ್ತಕವನ್ನು ಕಂಡು, "ಇದನ್ನೇಕೆ ಓದುತ್ತೀಯೆ?" ಎಂದು ಗದರಿದೆನು. "ನೀವು ಇದನ್ನು ಓದಿದ್ದೀರಾ, ತಾತ?" ಎಂದು ಅವಳು ಕೇಳಿದಳು. ಓದದೆ ತೀರ್ಪು ಕೊಡಬಾರದೆಂದು ಮೂವತ್ತು ವರ್ಷ ತರಗತಿಯಲ್ಲಿ ಬೋಧಿಸಿದ ನಾನು ನಿರುತ್ತರನಾದೆನು. ಅಂದೇ ಓದಲು ತೊಡಗಿದೆನು.

ಅದು ಅಮೆರಿಕದ ರಾಬರ್ಟ್ ಸಿ. ಓಬ್ರಿಯನ್ ಬರೆದ 'ಝಡ್ ಫಾರ್ ಝಕರಾಯ'. ಲೇಖಕನು ತೀರಿಕೊಂಡ ಬಳಿಕ, 1974ರಲ್ಲಿ, ಪ್ರಕಟವಾದ ಕೃತಿ. ಅಣುಯುದ್ಧದಲ್ಲಿ ನಾಡೆಲ್ಲ ನಾಶವಾಗಿ, ಒಂದು ಕಣಿವೆ ಮಾತ್ರ ಹಸುರಾಗಿ ಉಳಿದಿದೆ. ಅಲ್ಲಿ ಆನ್ ಎಂಬ ಬಾಲಕಿ ಒಬ್ಬಳೇ ಬಾಳುತ್ತಿದ್ದಾಳೆ. ವಿಕಿರಣವನ್ನು ತಡೆಯುವ ಉಡುಪನ್ನು ಧರಿಸಿದ ಅಪರಿಚಿತನೊಬ್ಬನು ಬರುತ್ತಾನೆ. ಅವನು ಕಾಯಿಲೆ ಬಿದ್ದಾಗ ಆನ್ ಆರೈಕೆ ಮಾಡಿ ಬದುಕಿಸುತ್ತಾಳೆ. ಗುಣಹೊಂದಿದ ಅವನಾದರೋ ಅವಳನ್ನೇ ಅಂಕೆಯಲ್ಲಿಟ್ಟುಕೊಳ್ಳಲು ಹವಣಿಸುತ್ತಾನೆ. ಅವಳತ್ತ ಗುಂಡನ್ನೂ ಹಾರಿಸುತ್ತಾನೆ. ಆನ್ ಸೇಡು ತೀರಿಸಿಕೊಳ್ಳುವುದಿಲ್ಲ, ಶರಣಾಗುವುದೂ ಇಲ್ಲ. ಆ ಉಡುಪನ್ನು ತೆಗೆದುಕೊಂಡು, ತನಗೆ ಅನ್ನವಿತ್ತ ಕಣಿವೆಯನ್ನೇ ಬಿಟ್ಟು ಹೊರಡುತ್ತಾಳೆ. ಎಲ್ಲಿಯೋ ಒಂದು ಶಾಲೆಯಲ್ಲಿ ಮಕ್ಕಳು ಉಪಾಧ್ಯಾಯಿನಿಗಾಗಿ ಕಾದಿದ್ದಾರೆಂಬ ಕನಸೇ ಅವಳಿಗೆ ದಾರಿ. ಇದನ್ನೋದಿ ಈ ಮುದುಕನ ಕಣ್ಣು ಒದ್ದೆಯಾಯಿತೆಂದರೆ ನೀವು ನಗಬಾರದು.

2008ರಲ್ಲಿ ಪ್ರಕಟವಾದ ಸೂಸಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' ಇನ್ನೂ ಕ್ರೂರವಾದ ಲೋಕವನ್ನು ಚಿತ್ರಿಸುತ್ತದೆ. ಅಲ್ಲಿ 24 ಎಳೆಯರನ್ನು ಆಳುವವರು ಕಣಕ್ಕಿಳಿಸಿ, ಒಬ್ಬರೇ ಉಳಿಯುವವರೆಗೆ ಕೊಂದಾಡಿಸುತ್ತಾರೆ. ತಂಗಿಯ ಹೆಸರು ಬಂದಾಗ ಕ್ಯಾಟ್ನಿಸ್ ಎಂಬ ಅಕ್ಕ ತಾನೇ ಮುಂದೆ ಬರುತ್ತಾಳೆ. ಕಣದಲ್ಲಿ ಎದುರಾಳಿಯಾಗಬೇಕಾಗಿದ್ದ ಪುಟ್ಟ ಹುಡುಗಿ ಸತ್ತಾಗ ಅವಳ ದೇಹವನ್ನು ಹೂಗಳಿಂದ ಅಲಂಕರಿಸುತ್ತಾಳೆ. ಆ ಹೂಗಳಿಂದ ಕ್ಯಾಟ್ನಿಸಳ ಪ್ರಾಣಕ್ಕೆ ರಕ್ಷಣೆಯಿಲ್ಲ. ರಕ್ಷಣೆಯಾದುದು ಅವಳ ಮನುಷ್ಯತ್ವಕ್ಕೆ. ಆದುದರಿಂದ ಈ ಕಥೆಗಳು ನಿರಾಶೆಯನ್ನು ಬಿತ್ತುತ್ತವೆಂಬ ಆಕ್ಷೇಪವನ್ನು ನಾನು ಈಗ ಒಪ್ಪಲಾರೆ.

ಆದರೆ ಇವುಗಳಲ್ಲಿ ಒಂದು ಕೊರತೆಯಿದೆ. ವಿಪತ್ತು ಬಂದೊಡನೆ ನೆರೆಯವನು ಹಗೆಯಾಗುತ್ತಾನೆಂಬ ಭಾವನೆ ಇಂತಹ ಬರಹಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಅದು ಪೂರ್ಣಸತ್ಯವಲ್ಲ. ಹಿರೋಶಿಮಾದಲ್ಲಿ ಬಾಂಬು ಬಿದ್ದ ಮೂರನೆಯ ದಿನವೇ, ಆಗಸ್ಟ್ 9ರಂದು, ಒಂದು ಮಾರ್ಗದಲ್ಲಿ ಟ್ರಾಮ್ ಗಾಡಿ ಮತ್ತೆ ಓಡಿತು. ಗಂಡಸರು ಯುದ್ಧಕ್ಕೆ ಹೋಗಿದ್ದ ಆ ದಿನಗಳಲ್ಲಿ ಅಲ್ಲಿಯ ಟ್ರಾಮ್ ಗಾಡಿಗಳಲ್ಲಿ ಶಾಲಾ ಬಾಲಕಿಯರೂ ದುಡಿಯುತ್ತಿದ್ದರು. ಬೂದಿಯಾದ ಊರಿನ ನಡುವೆ ಆ ಗಾಡಿಯನ್ನು ಕಂಡವರಿಗೆ ಎಷ್ಟು ಧೈರ್ಯ ಬಂದಿರಬೇಕು! ಕಾದಂಬರಿಕಾರನು ಕಲ್ಪಿಸುವ ಪ್ರಳಯದಲ್ಲಿ ಕೋವಿ ಹಿಡಿದವನು ಮೊದಲು ಕಾಣಿಸಿಕೊಳ್ಳುತ್ತಾನೆ. ಚರಿತ್ರೆಯ ಈ ಪ್ರಳಯದಲ್ಲಿ ಕಂಬಿಯನ್ನು ಸರಿಪಡಿಸಿ ಗಾಡಿಯನ್ನು ನಡೆಸುವವರೂ ಇದ್ದರು.

ಆದುದರಿಂದ ಇಂತಹ ಕಥೆಗಳನ್ನು ಧಾರಾಳವಾಗಿ ಓದಿರಿ. ಆದರೆ ಕೊನೆಯಲ್ಲಿ ಯಾರು ಉಳಿದರು ಎಂಬುದನ್ನಷ್ಟೇ ನೋಡಬೇಡಿರಿ. ಉಳಿದವರು ಏನನ್ನು ಉಳಿಸಿದರು ಎಂದು ಕೇಳಿರಿ. ಜೀವ ಉಳಿಸಿಕೊಳ್ಳುವ ಹಟ ಕಾಡಿನ ಮೃಗಕ್ಕೂ ಉಂಟು. ತಾನು ಹಸಿದಿದ್ದರೂ ಇನ್ನೊಬ್ಬರಿಗೆ ತುತ್ತನ್ನು ತೆಗೆದಿರಿಸುವ, ಗೊತ್ತಿಲ್ಲದ ಮಕ್ಕಳಿಗೆ ಅಕ್ಷರ ಕಲಿಸಲು ಬೂದಿಯ ದಾರಿಯಲ್ಲಿ ನಡೆಯುವ ಶಕ್ತಿ ಮನುಷ್ಯನದು. ಮನುವಿನ ದೋಣಿಯಲ್ಲಿ ಬೀಜದೊಡನೆ ಋಷಿಗಳೂ ಇದ್ದುದು ಇದಕ್ಕಾಗಿಯೇ ಅಲ್ಲವೆ?