ಮರಣದ ಬಯಕೆ ವೈರಾಗ್ಯವಲ್ಲ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳ್ಳಿಗಳಲ್ಲಿ ವೃದ್ಧ ದಂಪತಿಗಳಷ್ಟೇ ಉಳಿದಿರುವ ಮನೆಗಳು ಅನೇಕ, ಕೆಲವೆಡೆ ಒಬ್ಬರೇ. ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ್ದಾರೆ. ತೆಂಗು, ಅಡಿಕೆಯ ತೋಟವಿದೆ, ಮಾತಿಗೆ ಜನವಿಲ್ಲ. ‘ಯಾರಿಗೂ ಭಾರವಾಗದೆ ಹೋಗಿಬಿಟ್ಟರೆ ಸಾಕು’ ಎಂದು ಹಿರಿಯರು ನುಡಿದಾಗ ಅದನ್ನು ವೈರಾಗ್ಯವೆಂದು ಮೆಚ್ಚುವವರುಂಟು. ಬಹುಪಾಲು ಅದು ಒಂಟಿತನದ ಮೊರೆ.

ಹಿರಿಯರ ಗೌರವಕ್ಕೆ ಹೆಸರಾದ ದಕ್ಷಿಣ ಕೊರಿಯಾದಲ್ಲಿ ವೃದ್ಧರ ಆತ್ಮಹತ್ಯೆಯ ಪ್ರಮಾಣ ಮುಂದುವರಿದ ದೇಶಗಳಲ್ಲೇ ಅತಿ ಹೆಚ್ಚಿನವುಗಳಲ್ಲೊಂದು. ಗೌರವ ಬರಿಯ ಆಚಾರವಾಗಿ ಉಳಿದರೆ ಅದು ಯಾರನ್ನೂ ಕಾಯುವುದಿಲ್ಲ.

ಇಂಥ ನೋವಿಗೆ ಸಲ್ಲೇಖನದ ಹೆಸರನ್ನು ಹೊದಿಸುವುದು ಧರ್ಮಕ್ಕೆ ಬಗೆಯುವ ಅಪಚಾರ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಆ ವ್ರತವನ್ನು ಆತ್ಮಹತ್ಯೆಗೆ ಸಮೀಕರಿಸಿತು; ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆದರೆ ಎರಡರ ಭೇದವನ್ನು ಶಾಸ್ತ್ರವೇ ಬಹು ಹಿಂದೆ ಸ್ಪಷ್ಟಪಡಿಸಿದೆ. ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬದುಕಬೇಕೆಂಬ ಹಂಬಲ ಮೊದಲನೆಯದು. ಬೇಗ ಸಾಯಬೇಕೆಂಬ ಹಂಬಲ, ಅಂದರೆ ಮರಣಾಶಂಸೆ, ಎರಡನೆಯದು. ಸಾವನ್ನು ಬಯಸುವುದೇ ದೋಷವೆಂದಮೇಲೆ, ಬೇಸರದಿಂದಲೋ ಅವಮಾನದಿಂದಲೋ ಪ್ರಾಣ ನೀಗುವುದು ವ್ರತವಾಗುವುದೆಂತು? ದುಃಖದಿಂದ ಹುಟ್ಟಿದ ಬಯಕೆಗೆ ಬೇಕಾದುದು ಅನುಮೋದನೆಯಲ್ಲ, ಆರೈಕೆ.

ಆ ಆರೈಕೆಗೆ ಜೈನಧರ್ಮದಲ್ಲಿ ವೈಯಾವೃತ್ಯವೆಂಬ ಹೆಸರಿದೆ. ಅದು ಆರು ಅಂತರಂಗ ತಪಸ್ಸುಗಳಲ್ಲೊಂದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಶ್ರಾವಕನ ನಾಲ್ಕು ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಅಲ್ಲಿ ಅದು ಮುಖ್ಯವಾಗಿ ಸಂಯಮಿಗಳ ಸೇವೆ ಎಂಬುದು ನಿಜ. ಆದರೆ ವಿಹಾರಕ್ಕೆ ಬಂದ ಮುನಿಗಳ ಪಾದ ಒತ್ತುವ ಕೈ, ಮನೆಯಲ್ಲಿ ನಡುಗುವ ತಂದೆಯ ಕೈ ಹಿಡಿಯದಿದ್ದರೆ ಆ ವ್ರತ ಇನ್ನೂ ಒಳಗಿಳಿದಿಲ್ಲವೆಂದೇ ಅರ್ಥ. ಪ್ರಾಣವಧೆ ಮಾತ್ರ ಹಿಂಸೆಯಲ್ಲ. ‘ನಿಮಗೇನು ತಿಳಿಯುತ್ತದೆ, ಸುಮ್ಮನಿರಿ’ ಎಂಬ ಮಾತೂ ಹಿಂಸೆಯೇ.

ತಿಂಗಳಿಗೊಮ್ಮೆ ಹಣ ಕಳುಹಿಸಿದರೆ ಕರ್ತವ್ಯ ಮುಗಿಯದು. ದಿನಕ್ಕೊಮ್ಮೆ ಮಾತನಾಡಬೇಕು, ತೋಟದ, ಮನೆಯ ವಿಚಾರಗಳಲ್ಲಿ ಹಿರಿಯರ ಸಲಹೆ ಕೇಳಬೇಕು, ನಿದ್ರೆ, ಊಟ ತಪ್ಪಿದರೆ ಮುಪ್ಪೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಸದಿಗೆ ಬರುತ್ತಿದ್ದ ಹಿರಿಯರು ಎರಡು ದಿನ ಕಾಣದಿದ್ದರೆ ಸಮಾಜದವರು ಮನೆಗೆ ಹೋಗಿ ವಿಚಾರಿಸಬೇಕು. ಸಾವಿನ ಮಾತು ಕೇಳಿಬಂದರೆ ಗದರದೆ, ನಗೆಯಾಡದೆ, ಕುಳಿತು ಕೇಳಿ, ಅವರನ್ನು ಒಂಟಿಯಾಗಿ ಬಿಡದಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯರ ಸಹಾಯವಾಣಿ 14567 ಇರುವುದೂ ಇದಕ್ಕಾಗಿಯೇ.

ಜೀವಗಳು ಪರಸ್ಪರ ಉಪಕಾರಕ್ಕಾಗಿಯೇ ಇರುವುವೆಂದು ಜಿನಮಾರ್ಗ ಬೋಧಿಸುತ್ತದೆ. ‘ನಾನು ಭಾರ’ ಎಂಬ ಭಾವವನ್ನು ಹಿರಿಯರ ಮನದಿಂದ ಇಳಿಸುವುದೇ ಗೃಹಸ್ಥನ ನಿಜವಾದ ಅಹಿಂಸೆ.